ಮಂಟಪ ಬೇಡ, ಮಾಳಿಗೆ ಸಾಕು

ರಾಣೆಬೆನ್ನೂರಿನಲ್ಲಿ ಪಾರ್ಟಿ ಎಂದರೆ ಈಗ ಎರಡೇ ಬಗೆ. ಒಂದು, ಹೆದ್ದಾರಿ ಮಗ್ಗುಲಿನ ಡಾಬಾದಲ್ಲಿ ಗಂಡಸರಷ್ಟೇ ಸೇರಿ ನಡುರಾತ್ರಿ ಮುಗಿಸುವುದು. ಅದರ ಬಗ್ಗೆ ಇಲ್ಲಿ ಮಾತಿಲ್ಲ. ಅದಕ್ಕೆ ಯಾರ ಸಲಹೆಯೂ ಬೇಕಾಗಿಲ್ಲ. ಇನ್ನೊಂದು, ಮನೆಯ ಹಾಲ್‌ನಲ್ಲಿ ನಡೆಯುವ ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ, ಹೊಸ ಮನೆಯ ಊಟ. ಗೋಡೆಗೆ ಮಿನುಗುವ ಪರದೆ, ಬಲೂನಿನ ಕಮಾನು, ಬಾಡಿಗೆಗೆ ತಂದ ಸಿಂಹಾಸನದಂಥ ಕುರ್ಚಿ, ಬಾಗಿಲಲ್ಲಿ ಆಳೆತ್ತರದ ಸ್ಪೀಕರ್, ಗೇಟಿಗೆ ಫ್ಲೆಕ್ಸ್. ಹತ್ತು ಮನೆಗಳ ಫೋಟೊಗಳನ್ನು ಕಲಸಿ ಮುಂದಿಟ್ಟರೆ ಯಾವುದು ಯಾರ ಮನೆ ಎಂದು ಮನೆಯವರೇ ಹೇಳಲಾರರು.

ಖರ್ಚು ಕಡಿಮೆಯಾಗಿರುವುದಿಲ್ಲ. ಆದರೂ ನೆನಪಿನಲ್ಲಿ ಏನೂ ನಿಲ್ಲುವುದಿಲ್ಲ. ಕಾರಣ ಸರಳ: ನಾವು ಮನೆಯಲ್ಲಿ ಮಾಡುತ್ತಿರುವುದು ಕಲ್ಯಾಣ ಮಂಟಪದ ನಕಲು. ಮಂಟಪಕ್ಕೆ ಐನೂರು ಜನರನ್ನು ಕರೆದು, ಉಣಿಸಿ, ಫೋಟೊ ತೆಗೆಸಿ ಕಳಿಸುವ ಒಂದು ಕ್ರಮವಿದೆ. ಅಷ್ಟು ಜನಕ್ಕೆ ಅದೇ ಸರಿ. ಆ ಕ್ರಮವನ್ನೇ ಹದಿನೈದು ಅಡಿ ಹಾಲ್‌ಗೆ ತಂದರೆ ಮಾತಾಡಲು ಜಾಗವಿಲ್ಲ, ಕೂರಲು ಕುರ್ಚಿ ಸಾಲುವುದಿಲ್ಲ, ಬಂದವರು ಕವರ್ ಕೊಟ್ಟು, ಕೇಕಿನ ಚೂರು ತಿಂದು, ಇನ್ನೊಂದು ಕಡೆ ಹೋಗುವುದಿದೆ ಎನ್ನುತ್ತ ಚಪ್ಪಲಿ ಹುಡುಕುತ್ತಾರೆ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಕರೆದ ಮನೆಯ ಹೆಣ್ಣುಮಗಳು ಆ ಸಂಜೆ ಒಮ್ಮೆಯಾದರೂ ಕೂತದ್ದನ್ನು ಕಂಡವರು ಯಾರು? ಫೋಟೊಕ್ಕೆ ಕರೆದಾಗ ಕೈ ಒರೆಸಿಕೊಳ್ಳುತ್ತ ಬಂದು ನಿಂತು, ಕ್ಲಿಕ್ ಆದ ಮೇಲೆ ಮತ್ತೆ ಒಲೆಯ ಮುಂದೆ. ಎಲ್ಲರೂ ಹೋದ ಮೇಲೆ ಹನ್ನೊಂದು ಗಂಟೆಗೆ ತಣ್ಣಗಾದ ಅನ್ನ. ಅತಿಥಿಗಳು ಕರೆದವರ ಜೊತೆ ಕೂತು ಉಣ್ಣದೆ ಹೋದ ಊಟಕ್ಕೆ ಹೋಟೆಲಿಗೂ ಮನೆಗೂ ವ್ಯತ್ಯಾಸವೇನು? ನನ್ನ ಲೆಕ್ಕದಲ್ಲಿ ಮನೆಯ ಪಾರ್ಟಿ ಚೆಂದವಾಯಿತೋ ಇಲ್ಲವೋ ಎಂಬುದಕ್ಕೆ ಇದೊಂದೇ ಪರೀಕ್ಷೆ. ಅಡುಗೆ ಮಾಡಿದವರು ಎಲ್ಲರ ಜೊತೆ ಅದೇ ಸಾಲಿನಲ್ಲಿ ಕೂತು ಉಂಡರೇ?

ಈ ಪರೀಕ್ಷೆಯಲ್ಲಿ ಪಾಸಾಗುವ ಪಾರ್ಟಿಯೊಂದು ನಮ್ಮ ಸೀಮೆಯಲ್ಲಿ ಮೊದಲಿಂದ ಇದೆ. ಸೀಗಿ ಹುಣ್ಣಿಮೆಗೆ, ಎಳ್ಳಮಾಸಿಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಬುತ್ತಿ ಬಿಚ್ಚಿ ಉಣ್ಣುವುದು. ಹುಣ್ಣಿಮೆಯ ರಾತ್ರಿ ಓಣಿಯ ನಾಲ್ಕು ಮನೆಯವರು ತಮ್ಮ ತಮ್ಮ ಅಡುಗೆ ಹೊತ್ತುಕೊಂಡು ಒಂದೇ ಮಾಳಿಗೆ ಹತ್ತಿ ಬೆಳದಿಂಗಳ ಊಟ ಮಾಡುವುದು. ಅಮೆರಿಕದ ಕನ್ನಡ ಕೂಟಗಳವರು ಪಾಟ್‌ಲಕ್ ಎಂದು ಮಾಡುವುದೂ ಹೆಚ್ಚುಕಮ್ಮಿ ಇದನ್ನೇ. ಹೊಲದಲ್ಲಿ ಒಲೆ ಇಲ್ಲ, ಮಾಳಿಗೆಯಲ್ಲೂ ಒಲೆ ಇಲ್ಲ. ಒಲೆ ಇಲ್ಲದಿರುವುದರಿಂದ ಅದರ ಮುಂದೆ ನಿಲ್ಲುವವರೂ ಇಲ್ಲ. ಅತ್ತೆ, ಸೊಸೆ, ನೆರೆಮನೆಯ ಅಕ್ಕ ಎಲ್ಲರೂ ಕೂತೇ ಉಣ್ಣುತ್ತಾರೆ.

ಬುತ್ತಿಯ ಅಡುಗೆಯನ್ನು ಹಳ್ಳಿಯ ಸಾದಾ ಊಟ ಎಂದು ಬದಿಗೆ ಸರಿಸುವವರು ಅದರೊಳಗಿನ ಜಾಣತನವನ್ನು ನೋಡಿಲ್ಲ. ಅದರಲ್ಲಿರುವ ಪ್ರತಿ ಪದಾರ್ಥವೂ ಬೆಳಿಗ್ಗೆ ಮಾಡಿ ಮಧ್ಯಾಹ್ನಕ್ಕೆ, ಸಂಜೆಗೆ ಉಣ್ಣಲೆಂದೇ ಹುಟ್ಟಿದ್ದು. ಎಳ್ಳು ಹಚ್ಚಿದ ಸಜ್ಜೆಯ ಕಟಕ್ ರೊಟ್ಟಿಗೆ ಬಿಸಿಯ ಹಂಗಿಲ್ಲ, ತಿಂಗಳಿಟ್ಟರೂ ಮುರಿದು ತಿನ್ನಬಹುದು. ಶೇಂಗಾ, ಎಳ್ಳು, ಗುರೆಳ್ಳಿನ ಮಸಾಲೆ ತುಂಬಿದ ಎಣ್ಣೆಗಾಯಿ ಒಲೆಯಿಂದ ಇಳಿಸಿದಾಗಿನದಕ್ಕಿಂತ ನಾಲ್ಕು ತಾಸು ಬಿಟ್ಟು ಹೆಚ್ಚು ರುಚಿ. ಬದನೆಕಾಯಿ ಅಷ್ಟು ಹೊತ್ತಿಗೆ ಮಸಾಲೆಯನ್ನೆಲ್ಲ ಕುಡಿದಿರುತ್ತದೆ. ಮಡಿಕೆಕಾಳಿನ ಉಸುಳಿ, ಜುಣಕದ ವಡಿ, ಅಗಸಿ ಚಟ್ನಿ, ಪುಂಡಿ ಪಲ್ಯ ಯಾವುದನ್ನೂ ಮತ್ತೆ ಕಾಯಿಸಬೇಕಾಗಿಲ್ಲ. ಸಿಹಿಗೂ ಇದೇ ಮಾತು. ಕಡಲೆಬೇಳೆ ಹೋಳಿಗೆಯ ಹೂರಣದಲ್ಲಿ ನೀರಿನಂಶ ಹೆಚ್ಚು, ಬಿಸಿಲುಗಾಲದಲ್ಲಿ ಮರುದಿನವೇ ಹಳಸುವ ಭಯ. ಅದನ್ನು ಬಿಸಿಬಿಸಿಯಾಗಿ ತುಪ್ಪ ಹಾಕಿಕೊಂಡೇ ತಿನ್ನಬೇಕು. ಶೇಂಗಾ ಹೋಳಿಗೆಗೆ ಹುರಿದ ಕಾಳಿನ ಪುಡಿ ಮತ್ತು ಬೆಲ್ಲ ಸಾಕು. ಮೂರು ದಿನ ಮೊದಲೇ ಮಾಡಿ ಡಬ್ಬಿಗೆ ಹಾಕಿಟ್ಟರೂ ಕೆಡುವುದಿಲ್ಲ.

ಮೊಸರನ್ನಕ್ಕೊಂದು ಉಪಾಯವಿದೆ, ಬುತ್ತಿ ಕಟ್ಟಿದ ಅನುಭವವಿರುವ ಅಮ್ಮಂದಿರಿಗೆ ಗೊತ್ತು. ಅನ್ನ ಪೂರ್ತಿ ಆರಿದ ಮೇಲೆ ಮೊಸರಿನ ಬದಲು ಕಾಯಿಸಿ ಆರಿಸಿದ ಹಾಲು ಧಾರಾಳ ಸುರಿದು, ಎರಡು ಚಮಚ ಮೊಸರು ಕಲಸಿ ಇಡುವುದು. ಊಟದ ಹೊತ್ತಿಗೆ ಅದು ಪಾತ್ರೆಯಲ್ಲೇ ಹೆಪ್ಪಾಗಿರುತ್ತದೆ, ಹುಳಿಯಾಗಿರುವುದಿಲ್ಲ. ಮೇಲೆ ದಾಳಿಂಬೆ ಕಾಳು ಉದುರಿಸುವುದು ನಿಮ್ಮಿಷ್ಟ. ನನಗೆ ಒಗ್ಗರಣೆಯ ಬಾಳಕದ ಮೆಣಸಿನಕಾಯಿಯೇ ಸಾಕು.

ಬಿಸಿ ಬೇಕೆನ್ನುವವರಿಗೆ ಒಂದೇ ಒಂದು ಬಿಸಿ ಇಡಿ, ಕಟ್ಟಿನ ಸಾರು. ಬೇಳೆ ಬೇಯಿಸಿ ಬಸಿದ ಕಟ್ಟಿನಲ್ಲಿ ಮಾಡಿದ ಸಾರನ್ನು ದೊಡ್ಡ ಥರ್ಮಾಸಿಗೆ ಹಾಕಿ ಮೇಲೆ ಒಯ್ದರೆ ಕೆಲಸ ಮುಗಿಯಿತು, ವಾಟಗದಲ್ಲಿ ಕುಡಿಯುತ್ತ ಕೂರಬಹುದು. ಬಿಸಿ ರೊಟ್ಟಿಯ ಆಸೆ ಮಾತ್ರ ಬಿಡಬೇಕು. ಬಿಸಿ ರೊಟ್ಟಿ ಎಂದರೆ ಒಬ್ಬರು ಬಡಿಯುತ್ತಲೇ ಇರಬೇಕು, ಆ ಒಬ್ಬರು ಯಾರೆಂಬುದು ಎಲ್ಲರಿಗೂ ಗೊತ್ತು. ಕೈಯಲ್ಲಿ ಹೊತ್ತಿಲ್ಲದವರು ರೊಟ್ಟಿಯನ್ನು ಬಡಿದು ಮಾರುವ ಮನೆಗಳಿಂದ ತರಿಸಲಿ. ಅದರಲ್ಲಿ ನಾಚಿಕೆಯೇನಿಲ್ಲ, ಇನ್ನೊಂದು ಮನೆಯ ಒಲೆಗೂ ಆದಾಯ.

ಇನ್ನು ಖಾರ. ಬೆಂಗಳೂರಿನಿಂದ, ಮೈಸೂರಿನಿಂದ ಬಂದ ಬೀಗರು ನಮ್ಮ ಕೆಂಪು ಚಟ್ನಿ ಕಂಡು ಬೆದರುವುದುಂಟು. ಅವರಿಗೆ ಬ್ಯಾಡಗಿಯ ಗುಟ್ಟು ಹೇಳಬೇಕು. ಬ್ಯಾಡಗಿ ಮೆಣಸಿನಕಾಯಿಯ ಹೆಸರು ಇರುವುದು ಬಣ್ಣಕ್ಕೆ, ಖಾರಕ್ಕಲ್ಲ. ಸುಕ್ಕುಗಟ್ಟಿದ, ಉದ್ದನೆಯ ಕಡ್ಡಿ ಒಂದು ಬಗೆ. ಗಿಡ್ಡ, ದುಂಡನೆಯ ಡಬ್ಬಿ ಇನ್ನೊಂದು. ಎರಡರಲ್ಲೂ ಖಾರ ಕಡಿಮೆ, ಕೆಂಪು ಗಾಢ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಯಿಂದ ತೆಗೆದ ಬಣ್ಣದ ಎಣ್ಣೆ ಲಿಪ್‌ಸ್ಟಿಕ್ಕು, ಉಗುರುಬಣ್ಣಗಳ ತನಕ ಹೋಗುತ್ತದೆ. ಪಾರ್ಟಿಯ ಅಡುಗೆಗೆ ಇದಕ್ಕಿಂತ ಅನುಕೂಲ ಬೇರೆ ಬೇಕೆ? ತಾಟು ಕೆಂಪಗೆ ಕಣ್ಣಿಗೆ ಹಬ್ಬವಾಗಿಯೂ ಇರುತ್ತದೆ, ಬೀಗರ ಕಣ್ಣಲ್ಲಿ ನೀರೂ ಬರುವುದಿಲ್ಲ. ಖಾರ ಬೇಕಾದ ನಮ್ಮವರಿಗೆ ಹಸಿಮೆಣಸಿನಕಾಯಿ ಚಟ್ನಿಯನ್ನು ಬೇರೆ ಬಟ್ಟಲಲ್ಲಿಟ್ಟರಾಯಿತು.

ಆದರೆ ಒಂದು ಎಚ್ಚರ. ಆ ಕೆಂಪು ಬೆಳದಿಂಗಳಲ್ಲಿ ಕಾಣುವುದಿಲ್ಲ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸುವ ಕೆಲಸ ಬಿಟ್ಟು, ಬರೀ ಬೆಳಕು ನೆರಳು ಗುರುತಿಸುವ ಕೆಲಸಕ್ಕೆ ಇಳಿಯುತ್ತದೆ. ಆಗ ಎಲ್ಲಕ್ಕಿಂತ ಮೊದಲು ಕಪ್ಪಾಗುವುದು ಕೆಂಪು ಬಣ್ಣವೇ. ಆದ್ದರಿಂದ ಬಡಿಸುವ ಜಾಗದಲ್ಲಿ ಒಂದು ಲಾಟೀನೋ ನಾಲ್ಕು ಹಣತೆಯೋ ಇರಲಿ, ಉಣ್ಣುವ ಜಾಗವನ್ನು ಚಂದ್ರನಿಗೆ ಬಿಡಿ. ಟ್ಯೂಬ್‌ಲೈಟ್ ಆರಿಸಿದ ಕೂಡಲೇ ಮಕ್ಕಳು ಕತ್ತಲೆ ಕತ್ತಲೆ ಎಂದು ಕೂಗುತ್ತಾರೆ. ಕಣ್ಣು ಕತ್ತಲೆಗೆ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಅಷ್ಟರೊಳಗೆ ಯಾರೋ ಒಬ್ಬರು ಮೊಬೈಲ್ ಟಾರ್ಚ್ ಹಾಕಿದರೆ ಲೆಕ್ಕ ಮತ್ತೆ ಮೊದಲಿನಿಂದ.

ದಿನ ಆರಿಸುವುದರಲ್ಲೂ ಚಂದ್ರನ ಲೆಕ್ಕವಿದೆ. ಹುಣ್ಣಿಮೆಯಂದು ಸೂರ್ಯ ಮುಳುಗುವ ಹೊತ್ತಿಗೇ ಚಂದ್ರ ಹುಟ್ಟುತ್ತಾನೆ, ಮುಂದೆ ದಿನಕ್ಕೆ ಸುಮಾರು ಮುಕ್ಕಾಲು ತಾಸಿನಂತೆ ತಡವಾಗುತ್ತ ಹೋಗುತ್ತಾನೆ. ಹುಣ್ಣಿಮೆ ತಪ್ಪಿ ಎರಡು ದಿನ ಬಿಟ್ಟು ಕರೆದರೆ ಅತಿಥಿಗಳು ಉಂಡು ಏಳುವ ಹೊತ್ತಿಗೆ ಚಂದ್ರ ಎದುರು ಮನೆಯ ನೀರಿನ ಟ್ಯಾಂಕಿನ ಹಿಂದೆಯೇ ಇರುತ್ತಾನೆ. ಚಳಿಗಾಲದ ಹುಣ್ಣಿಮೆ ಚಂದ್ರ ಬೇಸಿಗೆಯವನಿಗಿಂತ ಎತ್ತರ ಏರುತ್ತಾನೆ. ನಡುರಾತ್ರಿಗೆ ನಮ್ಮ ನೆತ್ತಿಯ ಹತ್ತಿರಕ್ಕೇ ಬರುತ್ತಾನೆ. ಹೀಗಾಗಿ ಕಾರ್ತಿಕದ ಗೌರಿ ಹುಣ್ಣಿಮೆ, ಮಾರ್ಗಶಿರದ ಹೊಸ್ತಿಲ ಹುಣ್ಣಿಮೆ, ಪುಷ್ಯದ ಬನದ ಹುಣ್ಣಿಮೆ ಈ ಮೂರು ಮಾಳಿಗೆ ಊಟಕ್ಕೆ ಹೇಳಿ ಮಾಡಿಸಿದವು. ಸೀಗಿ ಹುಣ್ಣಿಮೆಗೆ ಹಿಂಗಾರಿನ ಮಳೆಯ ಭಯ. ಭಾರತ ಹುಣ್ಣಿಮೆಗೆ ಕರೆಯಲೇಬೇಡಿ. ಹೊಳೆಯಾಚೆ ಮೈಲಾರದ ಜಾತ್ರೆ, ಕಾರಣಿಕ ಕೇಳಲು ಅರ್ಧ ಊರು ಅಲ್ಲಿರುತ್ತದೆ.

ಗೌರಿ ಹುಣ್ಣಿಮೆಯ ಬಗ್ಗೆ ಇನ್ನೊಂದು ಮಾತು. ಹೆಣ್ಣುಮಕ್ಕಳು ಸಕ್ಕರೆ ಆರತಿ ಹಿಡಿದು ಹೋಗುವ ಹಬ್ಬವದು. ಪೇಟೆಯಲ್ಲಿ ಬಣ್ಣಬಣ್ಣದ ಸಕ್ಕರೆ ಗೊಂಬೆಗಳು ಬಂದಿರುತ್ತವೆ: ಆನೆ, ಒಂಟೆ, ಗೋಪುರ, ತೇರು. ಹರಿವಾಣದಲ್ಲಿ ಇವನ್ನು ಸಾಲಾಗಿ ನಿಲ್ಲಿಸಿದರೆ ಯಾವ ಅಲಂಕಾರದವನೂ ಬೇಡ. ಹೋಗುವಾಗ ಮಕ್ಕಳ ಕೈಗೊಂದು ಗೊಂಬೆ ಕೊಟ್ಟರೆ ರಿಟರ್ನ್ ಗಿಫ್ಟಿನ ಚಿಂತೆಯೂ ಇಲ್ಲ. ಅಪರೂಪದ ಹಿರಿಯರೊಬ್ಬರನ್ನು ಗೌರವಿಸುವುದಿದ್ದರೆ ಹಾವೇರಿಯ ಏಲಕ್ಕಿ ಹಾರವಿದೆ. ಪಟವೇಗಾರ ಮನೆತನದವರು ತಲೆಮಾರುಗಳಿಂದ ಕಟ್ಟಿಕೊಂಡು ಬಂದ ಈ ಹಾರ ಮಂತ್ರಿಗಳ ಕೊರಳಿಗಷ್ಟೇ ಮೀಸಲು ಎಂದು ಯಾರೂ ಬರೆದಿಟ್ಟಿಲ್ಲ. ನಿವೃತ್ತರಾದ ಅಪ್ಪನ ಕೊರಳಲ್ಲಿ ಅದು ಇನ್ನೂ ಚೆನ್ನಾಗಿ ಕಾಣುತ್ತದೆ. ಒಣಗಿದ ಮೇಲೆ ಕಸದ ಬುಟ್ಟಿಗೆ ಹೋಗುವ ಹಾರವೂ ಅದಲ್ಲ.

ಎಷ್ಟು ಜನರನ್ನು ಕರೆಯಬೇಕು? ಎರಡು ಸಾವಿರ ವರ್ಷಗಳ ಹಿಂದಿನ ರೋಮಿನ ಪಂಡಿತ ವಾರೋ ಇದಕ್ಕೊಂದು ಅಳತೆ ಹೇಳಿದ್ದ. ಊಟಕ್ಕೆ ಕೂರುವವರು ಮೂವರಿಗಿಂತ ಕಡಿಮೆ ಇರಬಾರದು, ಒಂಬತ್ತು ಮಂದಿಯನ್ನು ಮೀರಬಾರದು ಎಂಬುದು ಅವನ ಲೆಕ್ಕ. ಒಂಬತ್ತು ದಾಟಿದರೆ ಒಂದು ಮಾತು ಎರಡಾಗಿ, ನಾಲ್ಕಾಗಿ ಒಡೆಯುತ್ತದೆ ಎಂಬುದು ಯಾರಿಗಾದರೂ ಅನುಭವಕ್ಕೆ ಬರುವ ಸಂಗತಿ. ನಮ್ಮ ಮನೆತನಗಳಲ್ಲಿ ಒಂಬತ್ತು ಎಂದರೆ ಅಣ್ಣತಮ್ಮಂದಿರಿಗೇ ಸಾಲದು, ಒಪ್ಪುತ್ತೇನೆ. ಕಾಕಾನನ್ನು ಕರೆದು ಸೋದರಮಾವನನ್ನು ಬಿಟ್ಟರೆ ಮುಂದಿನ ಮದುವೆಯ ತನಕ ಆ ಮಾತು ಕೇಳಬೇಕು. ಅಂಥವರು ಒಂದೇ ದೊಡ್ಡ ಪಾರ್ಟಿಯ ಬದಲು ಎರಡು ಹುಣ್ಣಿಮೆಗೆ ಎರಡು ಸಣ್ಣ ಊಟ ಇಡಬಹುದು. ಖರ್ಚು ಹೆಚ್ಚಾಗುವುದಿಲ್ಲ, ರೊಟ್ಟಿ ಚಟ್ನಿಯ ಅಡುಗೆಯಲ್ಲವೇ.

ಕೂರಿಸುವುದೂ ಒಂದು ವಿದ್ಯೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ಬರೆಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಅರಸನ ಸುಖಗಳನ್ನು ಒಂದೊಂದಾಗಿ ವಿಂಗಡಿಸಿದ ಭಾಗವಿದೆ. ಅನ್ನ, ಪಾನೀಯ, ತಾಂಬೂಲ, ಧೂಪ, ಹೂಮಾಲೆ, ಹಾಗೆಯೇ ಆಸನ. ಊಟಕ್ಕೆ ಸಲ್ಲುವ ಗಮನ ಕೂರುವ ಮಣೆಗೂ ಕುಡಿಯುವ ನೀರಿಗೂ ಸಂದಿದೆ. ಆಗ ಈ ಸೀಮೆಯೆಲ್ಲ ಅವನ ಆಳ್ವಿಕೆಯಲ್ಲೇ ಇತ್ತು. ಅರಮನೆಯ ವೈಭವ ನಮಗೆ ಬೇಡ, ಆ ನಿಗಾ ಸಾಕು.

ಮಾಳಿಗೆಯಲ್ಲಿ ನವಲಗುಂದದ ಜಮಖಾನವೋ ಮೆಡ್ಲೇರಿಯ ಕಂಬಳಿಯೋ ಹಾಸಿ. ಸಾಲುಗಳು ಎದುರುಬದುರಾಗಿರಲಿ, ನಡುವೆ ಬಡಿಸುವಷ್ಟು ಹಾದಿ. ಒಂದೇ ಸಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತರೆ ಅಕ್ಕಪಕ್ಕದವರ ಹೊರತು ಇನ್ನಾರ ಮುಖವೂ ಕಾಣುವುದಿಲ್ಲ. ಮೊಣಕಾಲು ನೋವಿನ ಹಿರಿಯರಿಗೆ ಕುರ್ಚಿ ಬೇಕೇ ಬೇಕು, ಆದರೆ ಅವರನ್ನು ಮೂಲೆಯಲ್ಲಿ ಬೇರೆಯಾಗಿ ಕೂರಿಸಬೇಡಿ. ಗಿಡ್ಡ ಸ್ಟೂಲುಗಳನ್ನು ಸಾಲಿನ ನಡುನಡುವೆ ಇಟ್ಟರೆ ಅವರ ಮಾತೂ ಪಂಕ್ತಿಗೆ ಸಿಗುತ್ತದೆ. ಡಿಸೆಂಬರಿನಲ್ಲಿ ಇಬ್ಬನಿ ಬೀಳುತ್ತದೆ, ಪಾತ್ರೆಗಳಿಗೆ ಮುಚ್ಚಳವಿರಲಿ, ಅಜ್ಜಿಯ ಹೆಗಲಿಗೆ ಶಾಲಿರಲಿ. ಮಕ್ಕಳಿದ್ದರೆ ಪ್ಯಾರಾಪೆಟ್ ಎಷ್ಟು ಎತ್ತರವಿದೆ ಎಂದು ಮೊದಲೇ ನೋಡಿಕೊಳ್ಳಿ.

ಬಾಗಿಲಲ್ಲಿ ಬೆಲ್ಲ ನೀರು ಕೊಟ್ಟು ‘ಬರ್ರಿ, ಮ್ಯಾಲ ಹೋಗೂಣು’ ಎಂದರೆ ಸ್ವಾಗತ ಮುಗಿಯಿತು. ಮೊದಲ ಅರ್ಧ ಗಂಟೆ ಎಲ್ಲ ಪಾರ್ಟಿಗಳಿಗೂ ಕಷ್ಟದ್ದು. ಒಬ್ಬರಿಗೊಬ್ಬರು ಪರಿಚಯವಿಲ್ಲದವರು ಮೊಬೈಲ್ ನೋಡುತ್ತ ಕೂರುತ್ತಾರೆ. ಅದಕ್ಕೆ ಗಿರ್ಮಿಟ್‌ನಷ್ಟು ಒಳ್ಳೆಯ ಮದ್ದಿಲ್ಲ. ಈರುಳ್ಳಿ, ಟೊಮೆಟೊ, ಹುಣಸೆ, ಬೆಲ್ಲದ ಗೊಜ್ಜನ್ನು ಮೊದಲೇ ಮಾಡಿಟ್ಟು, ಮಂಡಕ್ಕಿ, ಪುಟಾಣಿ ಹಿಟ್ಟು, ಸೇವು, ಕೊತ್ತಂಬರಿಯನ್ನು ಎಲ್ಲರ ಎದುರಿಗೇ ದೊಡ್ಡ ಬೋಗುಣಿಯಲ್ಲಿ ಕಲಸಬೇಕು. ಕಲಸಿ ಐದು ನಿಮಿಷ ಬಿಟ್ಟರೆ ಮಂಡಕ್ಕಿ ಮೆತ್ತಗಾಗುತ್ತದೆ, ಆದ್ದರಿಂದ ಯಾರೂ ತಡಮಾಡುವ ಹಾಗಿಲ್ಲ. ಎಲ್ಲರೂ ಬೋಗುಣಿಯ ಸುತ್ತ ಸೇರಲೇಬೇಕು. ಕಲಸುವ ಕೆಲಸವನ್ನು ಹೊಸದಾಗಿ ಬಂದ ಅಳಿಯನಿಗೆ ಒಪ್ಪಿಸಿ. ‘ಉಪ್ಪು ಸಾಲವಲ್ದು ನೋಡ್ರಿ’, ‘ಲಿಂಬಿಹಣ್ಣು ಹಿಂಡ್ರಿ ಮತ್ತ’ ಎಂದು ಎಂಟು ಕಡೆಯಿಂದ ಸಲಹೆ ಬಂದು ಪರಿಚಯದ ಕೆಲಸ ತಾನಾಗಿ ಆಗುತ್ತದೆ.

ಹಾಡು ಕುಣಿತ ಬೇಡವೇ ಎಂದು ಕೇಳಬಹುದು. ಕುಬಸ ನೆನಪಿಸಿಕೊಳ್ಳಿ. ಹಸಿರು ಸೀರೆ, ಹಸಿರು ಬಳೆ, ತವರಿನಿಂದ ಬಂದ ಬುತ್ತಿಯ ಬುಟ್ಟಿಗಳು, ಬಸುರಿಯ ಸುತ್ತ ಕೂತು ಸೋಬಾನದ ಪದ ಹೇಳುವ ಹಿರಿಯರು. ಉಡುಗೆಗೆ ಒಂದು ಬಣ್ಣ, ಊಟಕ್ಕೊಂದು ಕ್ರಮ, ಹಾಡಿಗೊಂದು ಸಂದರ್ಭ ಎಲ್ಲವೂ ಅದರಲ್ಲಿವೆ. ಇದೀಗ ಅದೂ ‘ಬೇಬಿ ಶವರ್’ ಆಗಿ ಅಕ್ಷರದ ಬಲೂನುಗಳ ಮುಂದೆ ನಿಂತಿದೆ. ಫೋಟೊ ಚೆನ್ನಾಗಿಯೇ ಬರುತ್ತದೆ. ಆದರೆ ಪದ ಗೊತ್ತಿದ್ದ ಅಜ್ಜಿಯನ್ನು ಯಾರೂ ಹಾಡು ಎನ್ನುವುದಿಲ್ಲ, ಎಂದರೂ ಸ್ಪೀಕರಿನ ಅಬ್ಬರದಲ್ಲಿ ಕೇಳಿಸುವುದಿಲ್ಲ. ಮನೆಯ ಪಾರ್ಟಿಗೆ ಹಾಡುವವರು ಮನೆಯಲ್ಲೇ ಇರುವಾಗ ಡಿಜೆಗೆ ಮುಂಗಡ ಕೊಡುವುದು ನನಗಂತೂ ದಂಡದ ಖರ್ಚಾಗಿ ಕಾಣುತ್ತದೆ.

ಕಾನೂನಿನ ಮಾತೂ ಸ್ವಲ್ಪ ತಿಳಿದಿರಲಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿ. ಆಳೆತ್ತರದ ಸ್ಪೀಕರ್ ಮೊದಲ ಹಾಡಿಗೇ ಅದನ್ನು ದಾಟಿರುತ್ತದೆ. ಬಲೂನಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮೊಕೋಲ್, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ, ಸಿಹಿಯ ಡಬ್ಬಿಗೆ ಸುತ್ತುವ ಹಾಳೆ, 100 ಮೈಕ್ರಾನಿಗಿಂತ ತೆಳುವಾದ ಬ್ಯಾನರ್ ಇವೆಲ್ಲ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ. ಅಂದರೆ ಈಗಿನ ಮಾಮೂಲು ಹುಟ್ಟುಹಬ್ಬದ ಸಾಮಾನಿನಲ್ಲಿ ಅರ್ಧ ಕಾನೂನಿಗೆ ಹೊರಗು. ಮನೆಯಲ್ಲಿ ಸ್ಟೀಲಿನ ತಾಟುಗಳಿವೆ, ಪೇಟೆಯಲ್ಲಿ ಬಾಳೆ ಎಲೆ, ಮುತ್ತುಗದ ಪತ್ರಾವಳಿ, ಅಡಿಕೆ ಹಾಳೆಯ ತಟ್ಟೆಗಳು ಸಿಗುತ್ತವೆ.

ಕೇಕ್ ಕತ್ತರಿಸುವುದಕ್ಕೆ ನನ್ನ ವಿರೋಧವಿಲ್ಲ, ಮಕ್ಕಳ ಸಂತೋಷ ಅದು. ಏಳು ಗಂಟೆಗೇ ಕತ್ತರಿಸಿಬಿಡಿ. ಯಾರೋ ಮುಖಂಡರು ಬರಲಿ ಎಂದು ಒಂಬತ್ತರ ತನಕ ಮಕ್ಕಳು ತೂಕಡಿಸುವಂತೆ ಮಾಡಬೇಡಿ. ಮೇಣದ ಬತ್ತಿ ಉರಿಯುವಾಗ ನೊರೆಯ ಸ್ಪ್ರೇ ಹೊಡೆಯುವುದನ್ನು ಮಾತ್ರ ಖಂಡಿತ ನಿಲ್ಲಿಸಿ. ಆ ಡಬ್ಬಿಯಲ್ಲಿ ನೊರೆಯನ್ನು ದೂಡುವ ಅನಿಲ ಬೆಂಕಿ ಹಿಡಿಯುವಂಥದ್ದು. ತೇಲುವ ಬಲೂನುಗಳಿಗೂ ಕೆಲವೆಡೆ ಹೀಲಿಯಂ ಬದಲು ಅಗ್ಗದ ಜಲಜನಕ ತುಂಬಿರುತ್ತಾರೆ, ಅದೂ ಬೆಂಕಿಯ ಹತ್ತಿರ ಸಿಡಿಯುತ್ತದೆ.

ಊಟವಾದ ಮೇಲೆ ಎಲೆ ಅಡಿಕೆಯ ತಟ್ಟೆ ನಡುವೆ ಇಡಿ. ಸವಣೂರಿನ ಎಲೆ ನಮ್ಮ ಜಿಲ್ಲೆಯದೇ. ಬೀಡಾ ಕಟ್ಟಿಸಿ ತರಬೇಡಿ. ಎಲೆ, ಅಡಿಕೆ, ಸುಣ್ಣ, ಏಲಕ್ಕಿ, ಲವಂಗ ಬಿಡಿಬಿಡಿಯಾಗಿರಲಿ. ಎಲೆ ಒರೆಸಿ, ತೊಟ್ಟು ಮುರಿದು, ಸುಣ್ಣ ಸವರಿ ಮಡಿಸುವಷ್ಟರಲ್ಲಿ ಇನ್ನೊಂದು ಸುತ್ತಿನ ಮಾತು ಶುರುವಾಗಿರುತ್ತದೆ. ಪಾರ್ಟಿಯ ಅಸಲು ಮಾತುಗಳೆಲ್ಲ ಬರುವುದು ಈ ತಟ್ಟೆಯ ಸುತ್ತಲೇ. ಹಳೆಯ ವ್ಯಾಜ್ಯ ಬಗೆಹರಿಯುವುದು, ಕನ್ಯೆ ವರದ ಸುದ್ದಿ ಹೊರಬೀಳುವುದು, ಈ ಸಲ ಗೋವಿನಜೋಳ ಬಿಟ್ಟು ಬೇರೆ ಏನು ಬಿತ್ತೋಣ ಎಂಬ ಚರ್ಚೆ ಎಲ್ಲವೂ.

ತಾಟು ತೊಳೆಯುವ ಪಾಳಿ ಗಂಡಸರದ್ದಾಗಲಿ, ಅದನ್ನು ಕರೆಯುವಾಗಲೇ ಹೇಳಿಬಿಡಿ. ಬರುವ ಹುಣ್ಣಿಮೆ ಯಾವ ವಾರ ಎಂದು ಕ್ಯಾಲೆಂಡರಿನಲ್ಲಿ ನೋಡಿ, ಎರಡು ಮನೆಯವರನ್ನು ಕರೆಯಿರಿ. ರೊಟ್ಟಿ ನಿಮ್ಮದು, ಪಲ್ಯ ಅವರದು, ಮೊಸರನ್ನ ಇನ್ನೊಬ್ಬರದು. ವಾಟ್ಸ್ಆ್ಯಪಿನಲ್ಲಿ ಕಾರ್ಡ್ ಕಳಿಸದೆ ಫೋನ್ ಮಾಡಿಯೇ ಕರೆಯಿರಿ. ನಮ್ಮಲ್ಲಿ ಈಗಲೂ ಬಾಯಿ ತೆರೆದು ಕರೆದರಷ್ಟೇ ಊಟಕ್ಕೆ ಬರುತ್ತಾರೆ.